ಹೆಪ್ಪಿನ ಕಡ

ಆ ಬೆಳಿಗ್ಗೆ ಮಹಾನಗರದಂಚಿನ ಮಿಯಾಪುರದಲ್ಲಿ ಹಾಲು ಹೆಪ್ಪಾಗದಷ್ಟು ಚಳಿ. ತೀರಿಹೋದ ಗಂಡನ ಸ್ವೆಟರನ್ನು ಗಡಿಗೆಗೆ ಸುತ್ತಿಟ್ಟಿದ್ದರಿಂದ ಶಾಂಭವಿ ಟೀಚರ ಮನೆಯಲ್ಲಿ ಮಾತ್ರ ಮೊಸರು ಗಟ್ಟಿಯಾಗಿ ಕೂತಿತ್ತು. ಒಂದು ತುತ್ತು ಮೊಸರನ್ನ ಉಂಡು ಅವರು ಶಾಲೆಗೆ ನಡೆದರು. ಶಾಲೆ ಎಂದರೆ ತಗಡಿನ ಶೆಡ್ಡು. ಕಂಪ್ಯೂಟರ್ ಕಂಪನಿಗಳ ನೌಕರರಿಗಾಗಿ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಬುಡದಲ್ಲಿ, ಕೂಲಿಕಾರರ ಮಕ್ಕಳಿಗೆಂದು ಒಂದು ಸಂಸ್ಥೆ ಹಾಕಿಸಿದ್ದು.

ಸಂಸ್ಥೆಯವರು ಈ ಸಲ ಹೊಸ ಪುಸ್ತಕ ಕಳಿಸಿದ್ದರು: ಉಳಿತಾಯ, ಸಣ್ಣ ಸಾಲ, ಕಿರು ವ್ಯಾಪಾರ. ಬ್ಯಾಂಕಿನ ಬಾಗಿಲನ್ನೇ ಕಾಣದ ಮಕ್ಕಳು ಆಕಳಿಸಿದವು. ಶಾಂಭವಿ ಪುಸ್ತಕ ಮಡಚಿಟ್ಟರು.

“ಕಥಿ ಕೇಳ್ರಿ. ಒಂದೂರಾಗ ಒಬ್ಬಾಕಿಗೆ ಎಮ್ಮಿ ಇತ್ತು, ಹೆಪ್ಪು ಇರಲಿಲ್ಲ. ನೆರೆಮನಿ ಮುದುಕಿ ಹತ್ರ ಒಂದು ಚಮಚ ಕಡ ತಂದ್ಲು. ಹಾಲು ಮೊಸರಾಯ್ತು, ಮೊಸರು ಮಜ್ಜಿಗಿ ಆಯ್ತು. ಸಂತಿಗೆ ಒಯ್ಯೂಕಿಂತ ಮೊದಲ ಏನು ಮಾಡಿದ್ಲು?”

“ತಾನ ಕುಡದ್ಲು!” ಎಂದ ಸತೀಶ.

“ನಿನ್ನಂಗ ಹೊಟ್ಟಿಬಾಕಿ ಅಲ್ಲೋ ಅಕಿ! ನಾಳಿಗಂತ ಹೆಪ್ಪು ತೆಗೆದಿಟ್ಲು. ಅದು ಗಂಟು. ಲಾಭ ತಿನ್ನಬೇಕು, ಗಂಟು ತಿನ್ನಬಾರದು.”

“ಗಂಟು ನಮ್ಮವ್ವನ ಸೆರಗಿನ್ಯಾಗ ಐತ್ರಿ,” ಎಂದಳು ಗದಿಗೆಮ್ಮನ ಮಗಳು ಶೈಲಾ. ಎಲ್ಲರೂ ನಕ್ಕ ಮೇಲೆ ಮತ್ತೆ ಕೇಳಿದಳು, “ಬಡ್ಡಿ ಎಷ್ಟ್ರಿ ಟೀಚರ?” ಮೇಸ್ತ್ರಿಯ ಬಡ್ಡಿ ಆ ಮಕ್ಕಳಿಗೆಲ್ಲ ಗೊತ್ತಿತ್ತು.

“ಹೆಪ್ಪಿನ ಕಡಕ್ಕ ಒಂದು ಚಿಟಿಕಿ ಸಕ್ಕರಿನೇ ಬಡ್ಡಿ. ಆದ್ರ ಯಾವತ್ತು ಕೊಟ್ರೂ ಸಂಜಿ ದೀಪ ಹಚ್ಚೂಕಿಂತ ಮೊದಲ ತಿರುಗಿ ಕೊಡಬೇಕು. ಹಚ್ಚಿದ ಮ್ಯಾಲ ಹೆಪ್ಪು ಕೈ ಬದಲಾದ್ರ ಲಕ್ಷ್ಮಿ ಮುನಿಸಿಕೊಳ್ತಾಳ.”

ಮರುದಿನವೇ ಗದಿಗೆಮ್ಮ ಶಾಂಭವಿಯ ಮನೆಬಾಗಿಲಲ್ಲಿ ನಿಂತಿದ್ದಳು. ಇಟ್ಟಿಗೆ ಹೊತ್ತು ಸೊಂಟ ಹಿಡಿದ ಹೆಂಗಸು. “ನಿಮ್ಮ ಕಥಿ ನಮ್ಮ ಮನಿ ಕೆಡಿಸೈತ್ರಿ ಟೀಚರಮ್ಮ. ಮಜ್ಜಿಗಿ ಮಾರೂಣು ಅಂತ ಹುಡುಗಿ ಬೆನ್ನು ಹತ್ತ್ಯಾಳ. ಹಾಲು ಕೊಂಡು ತಂದೀನಿ, ಹೆಪ್ಪು ಕೊಡ್ರಿ.”

ಶಾಂಭವಿ ಕಲಾಯಿ ಹಾಕಿದ ಹಿತ್ತಾಳೆಯ ಬಟ್ಟಲಲ್ಲಿ ಕೊಟ್ಟರು. ಬಸವಕಲ್ಯಾಣದ ತವರಿನಿಂದ ಮದುವೆಯ ವರ್ಷ ಅವ್ವ ಕಟ್ಟಿಕೊಟ್ಟ ಹೆಪ್ಪು ಅದು. ಇದೇ ನಗರದ ಇನ್ನೊಂದು ತುದಿಯ ಕುಷಾಯಿಗೂಡದಲ್ಲಿ ಗಂಡನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ದಿನಾ ಹಾಲಿಗೆ ಇಳಿದು, ಮುಂದೆ ಈ ಒಂಟಿ ಕೋಣೆಗೂ ಬಂದಿತ್ತು. ಅವ್ವ ಇಲ್ಲ, ಗಂಡ ಇಲ್ಲ, ಮಕ್ಕಳಾಗಲಿಲ್ಲ. ಮನೆಯಲ್ಲಿ ಅವರಲ್ಲದೆ ಜೀವವಿದ್ದದ್ದು ಆ ಗಡಿಗೆಯಲ್ಲಿ ಮಾತ್ರ.

ಬೇಸಿಗೆಯ ಹೊತ್ತಿಗೆ ಕಟ್ಟಡಕ್ಕೆ ಬಣ್ಣ ಬಂತು. ಶಾಲೆಯ ತಗಡು ಬಿಚ್ಚಿದರು. ಅದೇ ವಾರ ಶಾಂಭವಿಗೆ ಜ್ವರ. ಬಾಗಿಲು ತಟ್ಟುವವರು ಯಾರೂ ಇರಲಿಲ್ಲ. ಎದ್ದು ಕೂರುವಷ್ಟು ತ್ರಾಣ ಬಂದ ದಿನ ಗಡಿಗೆಯ ಮುಚ್ಚಳ ತೆಗೆದರೆ ಮೊಸರಿನ ಮೇಲೆ ಹಸಿರು ಬೂಷ್ಟು. ಬಾವಿಯೂ ಇಲ್ಲದ, ತುಳಸಿಕಟ್ಟೆಯೂ ಇಲ್ಲದ ಆ ಊರಿನಲ್ಲಿ ಅದನ್ನು ಎಲ್ಲಿ ಚೆಲ್ಲುವುದೆಂದು ತಿಳಿಯದೆ ಬಹಳ ಹೊತ್ತು ನಿಂತರು. ಆಮೇಲೆ ನಲ್ಲಿಯ ಕೆಳಗೆ ಗಡಿಗೆ ತೊಳೆದು ಬೋರಲು ಹಾಕಿದರು. ಅಂಗಡಿಯ ಮೊಸರಿನಿಂದ ಹೆಪ್ಪು ಹಾಕಬಹುದಿತ್ತು. ಮನಸ್ಸು ಬರಲಿಲ್ಲ. ಹಾಲು ಕಾಸಿ ಸುಮ್ಮನೆ ಆರಲು ಬಿಟ್ಟರು.

ಮುಸ್ಸಂಜೆಯಾಯಿತು. ಜ್ವರದಲ್ಲಿ ದೇವರ ಮುಂದೆ ಕತ್ತಲೆಯೇ ಉಳಿದಿತ್ತು. ಬತ್ತಿ ಹೊಸೆದು, ಎಣ್ಣೆ ಎರೆದು, ಕಡ್ಡಿ ಕೈಗೆತ್ತಿಕೊಂಡರು.

“ಹಚ್ಚಬ್ಯಾಡ್ರಿ! ಟೀಚರಮ್ಮ, ಹಚ್ಚಬ್ಯಾಡ್ರಿ!”

ಗದಿಗೆಮ್ಮ ಏದುಸಿರು ಬಿಡುತ್ತ ಹೊಸ್ತಿಲ ಮೇಲಿದ್ದಳು. ರಸ್ತೆಯಲ್ಲಿ ಬುಟ್ಟಿ, ತಗಡು, ಮಕ್ಕಳು ತುಂಬಿದ ಲಾರಿ ಹಾರ್ನ್ ಹೊಡೆಯುತ್ತಿತ್ತು.

“ಗಚ್ಚಿಬೌಲಿಗೆ, ಹೊಸ ಕಟ್ಟಡದ ಕೆಲಸಕ್ಕ ಹೊಂಟೀವ್ರಿ. ಲಾರಿಯಂವ ಬೈಯಾಕತ್ತ್ಯಾನ. ನೀವು ದೀಪ ಹಚ್ಚಿದ್ರ ನಾಳಿ ತನಕ ಕಾಯಬೇಕಿತ್ತು. ನಾಳಿ ನಾವೆಲ್ಲಿ, ನೀವೆಲ್ಲಿ?” ತಿರುಗಿ ರಸ್ತೆಯ ಕಡೆ ಕೂಗಿದಳು, “ಬಂದೆ ತಡಿಯೋ ಮಾರಾಯಾ!” ಮತ್ತೆ ಇತ್ತ ನೋಡಿದಳು. “ಯಾಕ್ರಿ, ಇಷ್ಟು ಸೊರಗೀರಿ?”

“ಏನಿಲ್ಲವ್ವ,” ಎಂದರು ಶಾಂಭವಿ. “ವ್ಯಾಪಾರ ಹ್ಯಾಂಗದ?”

“ಒಂದು ಗಡಿಗಿ ಇದ್ದದ್ದು ಎರಡಾಗ್ಯಾವ್ರಿ. ಗಂಟು ತಿಂದಿಲ್ಲ.”

ಗದಿಗೆಮ್ಮ ಸೆರಗಿನ ಮರೆಯಿಂದ ಹಿತ್ತಾಳೆಯ ಬಟ್ಟಲು ತೆಗೆದಳು. ಅದರಲ್ಲಿ ಗಟ್ಟಿ ಮೊಸರು. ಮುಚ್ಚಿದ ಎಲೆಯ ಮೇಲೆ ಕಾಗದದ ಪುಟ್ಟ ಪೊಟ್ಟಣ, ಸಕ್ಕರೆಯದು.

ಶಾಂಭವಿ ಕಡ್ಡಿಯನ್ನು ಕೆಳಗಿಟ್ಟರು. ಗದಿಗೆಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು, ಎರಡೂ ಕೈಯಿಂದ, ಬಟ್ಟಲನ್ನು ಅವರ ಬೊಗಸೆಯಲ್ಲಿಟ್ಟಳು.