ಡಾಕ್ಟರಬಾಯಿ ಅದಾಳಲ್ಲ

ಹಾಳೂರಿಗೆ ಉಳಿದವನೇ ಗೌಡ ಅನ್ನುವ ಮಾತು ಮುಬಶೀರಾಳ ಪಾಲಿಗೆ ಖರೆ ಆಗಿಹೋಗಿತ್ತು. ಕಮತಗಿಯಿಂದ ಒಳಗೆ ಇರುವ ಆ ಊರಿನ ಸರಕಾರಿ ದವಾಖಾನೆಯ ಡಾಕ್ಟರು ವರ್ಗವಾಗಿ ಹೋಗಿ ಹದಿಮೂರು ತಿಂಗಳು. ಬದಲಿಗೆ ಯಾರೂ ಬರಲಿಲ್ಲ. ಇದ್ದ ಇಬ್ಬರು ನರ್ಸುಗಳಲ್ಲಿ ಒಬ್ಬಳನ್ನು ನಾಲ್ಕು ದಿನಕ್ಕೆಂದು ಬೇರೆ ಕಡೆ ಒಯ್ದವರು ಹಿಂದಕ್ಕೆ ಕಳಿಸುವುದನ್ನೇ ಮರೆತರು. ಉಳಿದವರು ಇಬ್ಬರು: ಇಳಕಲ್ಲಿನ ನರ್ಸ್ ಮುಬಶೀರಾ ಮತ್ತು ಕಸ ಹೊಡೆಯುವ ರಂಗವ್ವ. ಕಾದು ಬೇಸತ್ತ ಜನ ಇದ್ದವಳನ್ನೇ ಡಾಕ್ಟರಬಾಯಿ ಅಂದರು. ಮೊದಮೊದಲು ಆಕೆ ತಿದ್ದಿದಳು, ಆಮೇಲೆ ಬಿಟ್ಟಳು. ಸುಳ್ಳು ಯಾಕೆ ಹೇಳಬೇಕು, ಕೇಳಲು ಹಿತವಾಗಿಯೂ ಇತ್ತು.

ಆ ಹಿತ ಒಂದು ಸೋಮವಾರ ಮಧ್ಯಾಹ್ನ ಗಂಟಲಿಗೆ ಸಿಕ್ಕಿಕೊಂಡಿತು.

ಸಿದ್ದವ್ವ ತನ್ನ ಎಂಟು ತಿಂಗಳ ಬಸುರಿ ಸೊಸೆ ಲಲಿತಾಳನ್ನು ಕರೆತಂದಿದ್ದಳು. ತಲೆ ಸಿಡಿಯುತ್ತದೆ, ಕಣ್ಣು ಮಂಜಾಗುತ್ತದೆ ಅಂದಳು ಲಲಿತಾ. ಕಾಲು ಬಾತು ಕಾಲುಂಗುರ ಒಳಗೆ ಹೂತಿತ್ತು. ಬಿ.ಪಿ. ನೋಡಿದರೆ ನೂರಾ ಎಂಬತ್ತು. ಮುಬಶೀರಾ ತನ್ನ ಕೈಯನ್ನೇ ನಂಬದೆ ಇನ್ನೊಮ್ಮೆ ಪಟ್ಟಿ ಸುತ್ತಿದಳು. ಈ ಸಲ ಇನ್ನೂ ಹೆಚ್ಚು ಬಂತು. ಇಂಥ ಬಸುರಿಗೆ ಯಾವ ಗಳಿಗೆಯಲ್ಲಾದರೂ ಫಿಟ್ಸ್ ಬರಬಹುದು. ಬಂದರೆ ತಾಯಿಯೂ ಹೋಗಬಹುದು, ಕೂಸೂ ಹೋಗಬಹುದು.

ಮೊದಲು ಆಂಬ್ಯುಲೆನ್ಸಿಗೆ ಫೋನ್ ಮಾಡಿ, ಆಮೇಲೆ ಮುದುಕಿಗೆ ಹೇಳಿದಳು: "ಆಯಿ, ಈಗಿಂದೀಗ ಬಾಗಲಕೋಟಿಗೆ ಒಯ್ಯಬೇಕು."

"ಬಾಗಲಕೋಟಿ ಯಾಕ್ರಿ? ಮನಿ ಮುಂದ ಡಾಕ್ಟರಬಾಯಿ ಇರೂವಾಗ ಊರೂರು ಯಾಕ ತಿರಗೂದು? ಒಂದ ಸೂಜಿ ಮಾಡ್ರಿ, ಕಡಿಮಿ ಆಕ್ಕೈತಿ."

ಹೇಳಬೇಕಾದದ್ದು ಆಗಲೇ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ಮುಬಶೀರಾ ನುಂಗಿದಳು. ಇಷ್ಟು ದಿನ ಈ ಊರ ಜ್ವರ, ಕೆಮ್ಮು ನೋಡಿದ್ದೆಲ್ಲ ಆ ಹೆಸರಿನ ಮೇಲೆ. ಈಗ ಡಾಕ್ಟರ್ ಅಲ್ಲ ಅಂದರೆ ಸುಮ್ಮನೆ ಬಿಟ್ಟಾರೆಯೆ? ಅಲ್ಲಿ ದೊಡ್ಡ ಮಿಷನ್ ಅದಾವ, ರಕ್ತಾ ತಪಾಸ ಮಾಡಬೇಕು ಎಂದು ಸುತ್ತಿ ಬಳಸಿ ಮಾತಾಡಿದಳು. ಸಿದ್ದವ್ವ ಜಗ್ಗಲಿಲ್ಲ. ಆಂಬ್ಯುಲೆನ್ಸ್ ಬಂದು ಅಂಗಳದಲ್ಲಿ ನಿಂತರೂ ಸೊಸೆಯ ರಟ್ಟೆ ಬಿಡಲಿಲ್ಲ.

"ಹತ್ತಸೂದಿದ್ರ ಹತ್ತಸ್ರಿ," ಅಂದ ಡ್ರೈವರ್. "ಅಮೀನಗಡದಿಂದ ಇನ್ನೊಂದ ಫೋನ್ ಬಂದೈತಿ. ನಾ ಹೊಂಟೆ."

ಅವನು ಗಾಡಿ ಚಾಲೂ ಮಾಡಿದ. ಲಲಿತಾಳ ತುಟಿ ಒಂದು ಕಡೆ ಅದುರಿದ್ದು ಮುಬಶೀರಾಳಿಗೆ ಕಾಣಿಸಿತು.

"ಆಯಿ, ನಾ ಡಾಕ್ಟರ್ ಅಲ್ಲ. ನರ್ಸ್ ಅದೇನಿ. ಇಲ್ಲೇ ಇಟಗೊಂಡ್ರ ನಿಮ್ಮ ಸೊಸಿನ್ನ ಉಳಸೂದು ನನಗ ಬರಂಗಿಲ್ಲ."

ಸಿದ್ದವ್ವ ಬಾಯಿ ತೆರೆದುಕೊಂಡು ನೋಡಿದಳು. "ಮತ್ತ ಇಷ್ಟ ದಿನಾ ನಮ್ಮ ನಾಡಿ ಹಿಡದಾಕಿ ಯಾರ ನೀ?"

ರೀ ಅನ್ನುವುದು ಉದುರಿಹೋಗಿತ್ತು. ಆದರೆ ಸೊಸೆಯ ರಟ್ಟೆ ಹಿಡಿದ ಕೈಯೂ ಸಡಿಲವಾಗಿತ್ತು. ಮುಬಶೀರಾ ಫಿಟ್ಸ್ ತಡೆಯುವ ಸೂಜಿಯನ್ನು ಸೊಂಟದ ಕೆಳಗೆ ಎರಡೂ ಕಡೆ ಚುಚ್ಚಿ ಲಲಿತಾಳನ್ನು ಗಾಡಿಗೆ ಹತ್ತಿಸಿದಳು.

"ಗಾಡ್ಯಾಗ ಕೂಡೂ ನರ್ಸ್ ಇಲ್ರಿ," ಅಂದ ಡ್ರೈವರ್. "ಎರಡು ತಿಂಗಳಾತು, ಆ ಜಾಗಾ ಖಾಲಿ. ನೀವ ಬರ್ರಿ."

"ಇಲ್ಲೆ ಯಾರರ ಬಂದ್ರ ನಾ ಏನ ಮಾಡ್ಲಿ, ಬಾಯಾರ?" ರಂಗವ್ವ ಬಾಗಿಲಲ್ಲಿ ನಿಂತು ಕೇಳಿದಳು. ಮುಬಶೀರಾ ದವಾಖಾನೆಯ ಕೀಲಿ ಆಕೆಯ ಕೈಗಿಟ್ಟು ಗಾಡಿ ಹತ್ತಿದಳು.

ಕಮತಗಿ ದಾಟಿದ ಮೇಲೆ ಫಿಟ್ಸ್ ಬಂದೇ ಬಂತು. ಲಲಿತಾಳ ಮೈ ಬಿಲ್ಲಿನಂತೆ ಸೆಟೆಯಿತು. ಮುಬಶೀರಾ ಆಕೆಯನ್ನು ಮಗ್ಗುಲಿಗೆ ಹೊರಳಿಸಿ ಬಾಯಿಯ ನೊರೆ ಒರೆಸಿದಳು. ಯಾ ಅಲ್ಲಾ, ಯಾ ಅಲ್ಲಾ ಅನ್ನುತ್ತಿದ್ದಳು; ಎದುರಿಗೆ ಸಿದ್ದವ್ವ ಬಸವಣ್ಣನನ್ನು ಕೂಗುತ್ತಿದ್ದಳು. ಒಂದು ನಿಮಿಷಕ್ಕೆ ಮೈ ಸಡಿಲಾಯಿತು. ಉಸಿರು ನಿಂತಿತೋ ಏನೋ ಎಂದು ಮುಬಶೀರಾ ಲಲಿತಾಳ ಮೂಗಿನ ಹತ್ತಿರ ಕೈ ಹಿಡಿದಳು. ಸಣ್ಣಗೆ ಬಿಸಿ ತಗುಲಿತು. ಬಾಗಲಕೋಟೆಯವರೆಗೂ ಆ ಕೈ ತೆಗೆಯಲಿಲ್ಲ.

ಅಲ್ಲಿ ಆಪರೇಷನ್ ಆಗಿ ತಾಯಿ ಕೂಸು ಇಬ್ಬರೂ ಉಳಿದರು. "ಸೂಜಿ ಮಾಡಿದ್ದು ಛಲೋ ಆತು," ಅಂದರು ಡಾಕ್ಟರು. "ಆದ್ರ ಇಷ್ಟೊತ್ತು ಯಾಕ ಕಾದ್ರಿ?" ಮುಬಶೀರಾ ಹೊರಗಿನ ಬೆಂಚಿನ ಮೇಲೆ ಹೋಗಿ ಕುಂತಳು. ನಾಚಿಕೆಯಿಂದ ಅಳು ಬಂತು.

ಸಿದ್ದವ್ವ ಬಂದು ಮಗ್ಗುಲಲ್ಲಿ ಕುಂತು ಕೈ ಹಿಡಿದಳು. "ತಂಗಿ, ನೀ ಡಾಕ್ಟರ್ ಅಲ್ಲ ಅನ್ನೂದು ನನ್ನ ಹೊಟ್ಟ್ಯಾಗ ಇರತೈತಿ. ಊರಾಗ ಒಬ್ಬರ ಮುಂದನೂ ಆಡಂಗಿಲ್ಲ."

ಮುಬಶೀರಾಳಿಗೆ ಗಾಡಿಯಲ್ಲಿ ಹುಟ್ಟಿದ್ದಕ್ಕಿಂತ ದೊಡ್ಡ ಅಂಜಿಕೆ ಹುಟ್ಟಿತು. "ಬ್ಯಾಡ ಆಯಿ, ಹೇಳ್ರಿ. ಎಲ್ಲಾರಿಗೂ ಹೇಳ್ರಿ."

"ಹೇಳಿದ್ರ ಆ ದವಾಖಾನಿಗೆ ಯಾರ ಬರ್ತಾರ? ಯಾರೂ ಬರ್ಲಿಲ್ಲಂದ್ರ ನಿನ್ನೂ ಒಯ್ತಾರ. ಆಮ್ಯಾಲೆ ನಮಗ ಯಾರದಾರ?"

ಮುಬಶೀರಾ ಕೈ ಬಿಡಿಸಿಕೊಳ್ಳಲು ನೋಡಿದಳು. ಮುದುಕಿ ಇನ್ನೂ ಬಿಗಿಯಾಗಿ ಹಿಡಿದಳು.

"ನನ್ನ ಸಣ್ಣ ಮಗಳೂ ಬಸರಿ ಅದಾಳ, ಏಳ ತಿಂಗಳ ತುಂಬ್ಯಾವು. ನಾಳೆ ನಿನ್ನ ಕಡೆ ಕರಕೊಂಡ ಬರ್ತೇನಿ."