ನೀಲಕ್ಕನ ಹನ್ನೊಂದು ಸೆಕೆಂಡು

ಗಂಧಕದ ವಾಸನೆ, ಅಂದರೆ ತಿಕೋಟಾ ಹತ್ತಿರ ಬಂತು, ಬಸ್ಸಿನ ಕಿಟಕಿಯಾಚೆ ಹಸಿರು ಬಲೆ ಕಟ್ಟಿದ ಶೆಡ್ಡುಗಳು, ಒಳಗೆ ಸಾಲು ಸಾಲಾಗಿ ಒಣಗುತ್ತಿರುವ ದ್ರಾಕ್ಷಿ, ಬಣ್ಣ ಕೆಡಬಾರದೆಂದು ಹೊಗೆ ಕೊಡುತ್ತಾರೆ, ಸಲ್ಫರ್ ಡೈಆಕ್ಸೈಡ್, ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಇದನ್ನೇ ಜಾಡಿಯಲ್ಲಿ ಹಿಡಿದು ಪರೀಕ್ಷೆ ಮಾಡಿದ್ದೆವು, ಒದ್ದೆ ಹೂವು ಒಳಗಿಟ್ಟರೆ ಬಿಳಚಿಕೊಳ್ಳುತ್ತಿತ್ತು, ದ್ರಾಕ್ಷಿಯ ಬಣ್ಣ ಮಾತ್ರ ಉಳಿಯುತ್ತದೆ, ಯಾಕೆಂದು ಆಗ ಬರೆದಿದ್ದೆ, ಈಗ ನೆನಪಿಲ್ಲ — ಪಕ್ಕದ ಸೀಟಿನ ಮುದುಕಿ ವಿಜಯಪುರ ಸ್ಟ್ಯಾಂಡಿನಿಂದಲೂ ನನ್ನನ್ನೇ ನೋಡುತ್ತಿದ್ದಾಳೆ, ಯಾವೂರಾಕಿವಾ ನೀ, ಸಾರವಾಡ ನಮ್ಮೂರು, ಈಗ ಬೆಂಗಳೂರಾಗ ಇರತೀನ್ರಿ, ಅಲ್ಲೇನ ಮಾಡತಿ, ಧಾರಾವಾಹಿ ತಗೀತೀನ್ರಿ, ಟಿವ್ಯಾಗ ಬರತಾವಲ್ಲ ಅವು, ಮುದುಕಿ ಕೆನ್ನೆಯ ಮೇಲೆ ಕೈಯಿಟ್ಟುಕೊಂಡಳು, ಹಂಗಾರ ಆ ಸಣ್ಣ ಸೊಸಿನ್ನ ನೀನ ಸಾಯಿಸಿದಿಯೇನ, ಭಾಳ ಚೊಲೊ ಹುಡಿಗಿ ಇದ್ಲು, ಯಾಕ ಸಾಯಿಸಿದಿ ಬೇ, ಆ ಹುಡುಗಿಗೆ ಸಿನಿಮಾದಲ್ಲಿ ಅವಕಾಶ ಸಿಕ್ಕಿತು ಎಂದು ಹೇಗೆ ಹೇಳಲಿ, ಕಥೀರಿ ಅದು ಎಂದೆ, ಕಥಿ ಅಂದ್ರೇನ, ನಾ ಎರಡ ದಿನಾ ರೊಟ್ಟಿ ಉಂಡಿಲ್ಲ, ಎಂದು ಮುಖ ತಿರುಗಿಸಿಕೊಂಡಳು. ಆ ಹುಡುಗಿ ಶಾಟ್ ಮುಗಿದ ಮೇಲೆ ನಕ್ಕೇ ಎದ್ದಿದ್ದಳಜ್ಜಿ, ನಾನೇ ಎದುರು ನಿಂತು ನಗಿಸಿದ್ದೆ. ಹೆಣವಾಗಿ ಮಲಗಿದವರು ಕ್ಯಾಮೆರಾ ನೋಡಿ ಒಮ್ಮೆ ನಕ್ಕು ಏಳಬೇಕು, ಇಲ್ಲದಿದ್ದರೆ ಒಳ್ಳೆಯದಲ್ಲ, ಇದು ನಮ್ಮ ಸೆಟ್ಟುಗಳ ಪದ್ಧತಿ, ಬೇರೆ ನಿರ್ಮಾಪಕರು ಅದನ್ನು ಮ್ಯಾನೇಜರಿಗೆ ಬಿಡುತ್ತಾರೆ, ನಾನು ಬಿಡುವುದಿಲ್ಲ, ಇಪ್ಪತ್ತೈದು ವರ್ಷಗಳಲ್ಲಿ ನನ್ನ ಧಾರಾವಾಹಿಗಳಲ್ಲಿ ಸತ್ತ ಅಷ್ಟೂ ಜನರ ನಗು ನನ್ನ ಬಳಿ ದಿನಾಂಕ ಹಾಕಿ ಇಟ್ಟಿದೆ, ಓದಿದವರು ನೀವು, ಇದನ್ನೆಲ್ಲ ನಂಬುತ್ತೀರಾ ಮೇಡಂ ಎಂದು ಹುಡುಗರು ಕೇಳುತ್ತಾರೆ, ನಂಬುವುದಿಲ್ಲ, ನಂಬಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಪರ್ಸಿನಲ್ಲಿ ಪೆನ್‌ಡ್ರೈವ್ ಇದೆಯೇ, ಇದೆ, ಮೂರನೆಯ ಸಲ ಮುಟ್ಟಿ ನೋಡುತ್ತಿದ್ದೇನೆ. ಹೋದ ತಿಂಗಳು ಅಕ್ಕನ ಮಗಳು ನೇತ್ರಾ ಫೋನಿನಲ್ಲಿ, ಸಾಲೆಯ ಗದ್ದಲದ ನಡುವೆ, ಚಿಗವ್ವ, ನನಗೀಗ ಇಪ್ಪತ್ತಾರು, ನಮ್ಮವ್ವ ಹೋದಾಗ ಆಕಿಗೂ ಇಪ್ಪತ್ತಾರಲಾ, ಹೌದು ಅಂದೆ, ಫೋಟೋ ನೋಡಿ ನೋಡಿ ಸಾಕಾಗೇತಿ, ಫೋಟೋದಾಗಿನ ಅವ್ವ ಕಟಗಿ ಗೊಂಬಿ ನಿಂತಂಗ ನಿಂತಾಳ, ಆಕಿ ಹೆಂಗ ನಡೀತಿದ್ಲು, ಹೆಂಗ ತಿರಗಿ ನೋಡತಿದ್ಲು, ಒಂದ ಸಲ ನೋಡಬೇಕು, ನೀ ಊರ ಮಂದಿನೆಲ್ಲಾ ಟಿವ್ಯಾಗ ತೋರಸಿದಿ, ನಮ್ಮವ್ವನ್ನ ಒಮ್ಮೆರ ತಗದಿಲ್ಲೇನ? ತಗದೀನಿ ಎಂದುಬಿಟ್ಟೆ, ಆಮೇಲೆ ನಾಲಿಗೆ ಕಚ್ಚಿಕೊಂಡೆ, ಆಕೆ ಅತ್ತ ಕಡೆ ಉಸಿರು ಬಿಟ್ಟ ಸದ್ದು ಕೇಳಿಸಿತ್ತು. ತಗದೀನಿ. ಮಮದಾಪುರದ ಕೆರೆ ದಂಡೆಯಲ್ಲಿ, ಎರಡು ಸಾವಿರದ ಒಂದನೆಯ ಇಸವಿ ಜನವರಿ, ನನ್ನ ಮೊದಲ ಟೆಲಿಚಿತ್ರ, ಅದಕ್ಕೂ ಮೊದಲು ವಿಜಯಪುರದ ಕೇಬಲ್ಲಿಗೆ ಸೀರೆ ಅಂಗಡಿ, ಪಂಪ್‌ಸೆಟ್ಟುಗಳ ಜಾಹೀರಾತು ಮಾಡುತ್ತಿದ್ದೆ, ಅಂಗಡಿಗೆ ಹೋದರೆ ಸಾಹೇಬರು ಬಂದಿಲ್ಲೇನ್ರಿ ಎಂದು ನನ್ನ ಹಿಂದೆ ಇಣುಕುತ್ತಿದ್ದರು, ಲ್ಯಾಬಿನ ಕೆಲಸ ಬಿಟ್ಟು ಕ್ಯಾಮೆರಾ ಹಿಡಿಯುತ್ತೇನೆಂದಾಗ ಅಪ್ಪ ಮಾತು ಬಿಟ್ಟ, ಎಂಟನೆಯ ಇಯತ್ತೆಗೇ ಸಾಲೆ ಬಿಟ್ಟ ನನ್ನ ಅಕ್ಕ ನೀಲಾಬಾಯಿ ರೊಟ್ಟಿ ಬಡಿಯುತ್ತಲೇ ವಾದಿಸಿದಳು, ಯಪ್ಪಾ, ಕ್ಯಾಮೆರಾನೂ ವಿಜ್ಞಾನನ ಐತಂತ, ಆಕಿ ಓದಿದ್ದ ವಿಷಯನ ಅದು, ಅಷ್ಟು ಖಚಿತವಾಗಿ ಸುಳ್ಳು ಹೇಳಿದವರನ್ನು ನಾನು ಮತ್ತೆ ನೋಡಲಿಲ್ಲ.

ಕೆರೆಯ ಮೇಲೆ ಗಾಳಿ, ಜಾಲಿ ಗಿಡದ ಕೆಳಗೆ ಮಸಿ ಹಿಡಿದ ಚಹಾದ ಪಾತ್ರೆ, ಶೂಟಿಂಗಿನ ಕೊನೆಯ ದಿನ, ಕೆರೆಗೆ ಬಿದ್ದು ಸತ್ತ ಹೆಂಗಸನ್ನು ದಂಡೆಯಲ್ಲಿ ಮಲಗಿಸಿದ ದೃಶ್ಯ, ಹೆಣವಾಗಬೇಕಿದ್ದ ಹುಡುಗಿ ಬೆಳಿಗ್ಗೆಯೇ ತಕರಾರು ತೆಗೆದಳು, ಮುಂದಿನ ತಿಂಗಳ ನನ್ನ ಲಗ್ನ ಐತ್ರಿ, ನಾ ಹೆಣಾ ಆಗೂದಿಲ್ರಿ, ಯಾರೂ ಒಪ್ಪಲಿಲ್ಲ, ನಾನೇ ಮಲಗುವೆನೆಂದರೆ ಶಾಟ್ ನೋಡುವವರಾರು, ಅಷ್ಟರಲ್ಲಿ ಸಾರವಾಡದಿಂದ ಜೀಪು ಹಿಡಿದು ನೀಲಕ್ಕ ಎಲ್ಲರಿಗೂ ಬುತ್ತಿ ತಂದಳು, ಬಗಲಲ್ಲಿ ಒಂದೂಕಾಲು ವರ್ಷದ ನೇತ್ರಾ, ವಿಷಯ ಕೇಳಿ ನಕ್ಕುಬಿಟ್ಟಳು, ಅಷ್ಟ ಹೌದಲ್ಲ, ನಾ ಮಲಗತೀನಿ ತಗೋ, ಮನ್ಯಾಗಂತೂ ಹಗಲಿ ಅಡ್ಡಾಗಾಕ ಬಿಡೂದಿಲ್ಲ, ಹೆಣಾ ಏನ ಮಾಡಬೇಕ ಹೇಳ ರಾಜಿ, ಏನೂ ಮಾಡಬಾರದು ಅಕ್ಕ, ಹಂಗಾರ ಕಠಿಣ ಐತಿ ಬೇ, ಏನೂ ಮಾಡದ ಕುಂದರೂದ ನನಗ ರೂಢಿನ ಇಲ್ಲ. ಮೈಮೇಲೆ ಕೊಡದಿಂದ ನೀರು ಸುರಿದರು, ಮಲಗಿದಳು, ಕಣ್ಣು ಮುಚ್ಚಿದಳು, ಕ್ಯಾಮೆರಾ ಓಡುತ್ತಿತ್ತು, ನೇತ್ರಾಳನ್ನು ಹಿಡಿದಿದ್ದ ಹುಸೇನಬಿ, ನಮಗೆ ಚಹಾ ಕಾಸಲು ಬಂದಾಕೆ, ಯಾವುದಕ್ಕೋ ಕೈ ಸಡಿಲಿಸಿದಳು, ಮಗು ಕೆಸರಲ್ಲಿ ತೆವಳುತ್ತ ತಾಯಿಯ ತನಕ ಹೋಯಿತು, ಪುಟ್ಟ ಕೈ ಎತ್ತಿ ಕೆನ್ನೆಯ ಮೇಲಿಟ್ಟಿತು, ಹೆಣ ನಕ್ಕಿತು, ಕಣ್ಣು ಬಿಚ್ಚಿ, ಹಲ್ಲು ತೋರಿಸಿ, ಏ ನನ ಬಂಗಾರಾ, ನಾ ಸತ್ತೀನಿ ಹೋಗ ಅತ್ಲಾಗ ಎಂದಿತು, ಎಲ್ಲರೂ ನಕ್ಕರು, ನಾನು ನಗಲಿಲ್ಲ, ಬಿಸಿಲು ಇಳಿಯುತ್ತಿತ್ತು, ಟೇಪು ಅದೊಂದೇ ಉಳಿದಿತ್ತು, ಕೆಟ್ಟ ಟೇಕನ್ನು ಹಿಂದಕ್ಕೆ ಸುತ್ತಿ ಅದರ ಮೇಲೆಯೇ ಮುಂದಿನದನ್ನು ಹಿಡಿಯುವುದು ಆಗ ನನ್ನ ರೂಢಿ, ಜಾಣತನ ಎಂದುಕೊಂಡಿದ್ದೆ, ಹಿಂದಕ್ಕೆ ಸುತ್ತು ಎಂದೆ, ಎರಡನೆಯ ಸಲ ನೀಲಕ್ಕ ಉಸಿರು ಬಿಗಿಹಿಡಿದು ಮಲಗಿದಳು, ಹನ್ನೊಂದು ಸೆಕೆಂಡು, ಓಕೆ. ಕ್ಯಾಮೆರಾದ ರಸೂಲಸಾಬ ಕಣ್ಣು ಕೀಳಲಿಲ್ಲ, ಅಕ್ಕಾರ, ಹೆಣಾ ನಕ್ಕ ಏಳಬೇಕ್ರಿ, ಒಂದ ಎರಡ ಸೆಕೆಂಡ್ ತಗೋತೀನ್ರಿ, ಆಗಲೇ ನಕ್ಕಾಳಲ್ಲ ರಸೂಲಸಾಬ್, ಸಾಕು, ಅದು ಉಳೀಲಿಲ್ಲಲ್ರಿ ಅಕ್ಕಾರ, ನಡೀರಿ ಬಿಸಲ ಹೊಂಟೇತಿ, ನೀಲಕ್ಕ ಕೂದಲಿನ ಕೆಸರು ಹಿಂಡುತ್ತ, ನಗೂದು ಬ್ಯಾಡೇನು, ಎಂದು ಕೇಳಿದ್ದಳು, ಬ್ಯಾಡಕ್ಕ. ಅದೇ ವರ್ಷ ಆಗಸ್ಟಿನಲ್ಲಿ ನೀಲಕ್ಕನಿಗೆ ಕಾಮಣಿ, ಮೈ ಕಣ್ಣೆಲ್ಲ ಹಳದಿ, ಮೂರು ತಿಂಗಳ ಬಸುರಿ, ನಾಟಿ ಔಷಧ ಹಾಕಿಸಿ ಕಾದರು, ವಿಜಯಪುರಕ್ಕೆ ತರುವಷ್ಟರಲ್ಲಿ ಪ್ರಜ್ಞೆ ಇರಲಿಲ್ಲ. ಕಾಮಣಿಗೆ ಕಾರಣ ನೀರಿನಲ್ಲಿರುವ ವೈರಾಣು, ಬಸುರಿಯರಲ್ಲಿ ಅದು ಯಕೃತ್ತನ್ನು ಬೇಗ ತಿನ್ನುತ್ತದೆ, ಗೊತ್ತು, ಓದಿದ್ದೇನೆ, ಜನವರಿಗೂ ಆಗಸ್ಟಿಗೂ ಕಾರಣ-ಕಾರ್ಯದ ಸಂಬಂಧವಿಲ್ಲ, ಮಣ್ಣು ಕೊಡುವಾಗ ರಸೂಲಸಾಬ ನನ್ನ ಕಡೆ ನೋಡಲಿಲ್ಲ, ನೋಡಿದ್ದರೂ ಇದನ್ನೇ ಹೇಳುತ್ತಿದ್ದೆ. ಆ ಟೆಲಿಚಿತ್ರ ಒಂದೇ ಒಂದು ಸಲ ಕೇಬಲ್ಲಿನಲ್ಲಿ ಬಂದಿತ್ತು, ಆಮೇಲೆ ಮನೆಯಲ್ಲಿ ಯಾರೂ ಅದರ ಹೆಸರೆತ್ತಲಿಲ್ಲ, ನಾನು ಬೆಂಗಳೂರಿಗೆ ಹೋದೆ, ನೇತ್ರಾ ತನ್ನ ಅಜ್ಜಿಯ ಕೈಯಲ್ಲಿ ಬೆಳೆದಳು, ನಾನು ವರ್ಷಕ್ಕೊಮ್ಮೆ ಫ್ರಾಕು ತರುವ ಚಿಗವ್ವ, ಸಾವಿರದ ಇನ್ನೂರು ಕಂತಿನ ನಿರ್ಮಾಪಕಿ.

ತಿಕೋಟಾ, ಮುದುಕಿ ಇಳಿಯುವಾಗ ಮುಂದ ಯಾರನ್ನೂ ಸಾಯಿಸಬ್ಯಾಡವಾ ಎಂದಳು. ನೇತ್ರಾಳ ಬಾಡಿಗೆ ಕೋಣೆ, ಗೋಡೆಗೆ ಮಕ್ಕಳು ಬಿಡಿಸಿದ ಹೃದಯದ ಚಿತ್ರ, ಅಪಧಮನಿ ಕೆಂಪು, ಅಭಿಧಮನಿ ನೀಲಿ, ಈಕೆಯದೂ ವಿಜ್ಞಾನವೇ, ಸಾಲೆಯಲ್ಲಿ ಅದನ್ನೇ ಕಲಿಸುತ್ತಾಳೆ, ಲ್ಯಾಪ್‌ಟಾಪ್ ಆಗಲೇ ತೆರೆದಿಟ್ಟಿದ್ದಾಳೆ, ತಲೆ ಬಾಚಿ, ಇಳಕಲ್ ಸೀರೆ ಉಟ್ಟು, ಬೀಗರು ಬರುವ ದಿನದ ಹಾಗೆ, ಚಾ ಆಮೇಲೆ ಚಿಗವ್ವ, ಮೊದಲ ಅವ್ವ. ನೇತ್ರಾ, ಇದರಾಗ ನಿಮ್ಮವ್ವ ಮಲಗ್ಯಾಳ, ಸಿನಿಮಾದಾಗ ಸತ್ತಾಕಿ ಪಾರ್ಟು, ಇಷ್ಟ ಐತಿ, ಅಷ್ಟಾದರೂ ಹೇಳಿದೆ, ಆಕೆಯ ಬೆರಳು ಒಂದು ಗಳಿಗೆ ನಿಂತಿತು, ಆಮೇಲೆ ಒತ್ತಿತು. ಹನ್ನೊಂದು ಸೆಕೆಂಡು, ಇನ್ನೂರ ಎಪ್ಪತ್ತೈದು ಫ್ರೇಮು, ಟೇಪನ್ನು ಶುಚಿ ಮಾಡಿಸಿ ಒಂದೊಂದು ಫ್ರೇಮನ್ನೂ ನೋಡಿದ್ದೇನೆ. ನೇತ್ರಾ ಮತ್ತೆ ನೋಡಿದಳು, ಮತ್ತೆ, ಮುಖ ಪರದೆಯ ಹತ್ತಿರ ಒಯ್ದಳು, ಚಿಗವ್ವ, ಉಸರಾಡಾಕತ್ತಾಳ, ಇಲ್ಲಿ ನೋಡ, ಎದಿ ಮ್ಯಾಲ ಸೆರಗ ಏಳಾಕತ್ತೇತಿ, ಏನ ಮಂದಿ ನೀವು, ಉಸರಾಡೂ ಹೆಣಾನ ಓಕೆ ಮಾಡೀರಿ, ಎಂದು ನಗುತ್ತಿದ್ದಾಳೆ, ಕಣ್ಣು ತುಂಬಿ ನಗುತ್ತಿದ್ದಾಳೆ, ಹೌದು ಎನ್ನು ರಾಜೇಶ್ವರಿ, ಒಂದು ಹೌದು, ಕ್ಯಾಮೆರಾನೂ ವಿಜ್ಞಾನನ ಐತಂತ ಎಂದವಳ ತಂಗಿ ನೀನು, ಆದರೆ ನನ್ನ ಬಾಯಿ, ಅಲ್ಲ ನೇತ್ರಾ, ಅದು ಕೆರಿ ಗಾಳಿ, ಹಿಂದ ಆಪು ಹುಲ್ಲ ನೋಡ, ಅದೂ ಸೆರಗಿನ ಜೊತಿನ ಏಳತೈತಿ. ಆಕೆ ಹುಲ್ಲನ್ನು ನೋಡಿದಳು. ಆಮೇಲೆ ನಗಲಿಲ್ಲ. ಆಕೆಯಿಂದ ಅದನ್ನೂ ಕಿತ್ತುಕೊಂಡೆನೆಂದು ಆಗ ತಿಳಿಯಿತು, ಬರಿದಾದ ಆ ಕೈಗೆ ಏನಾದರೂ ಕೊಡಬೇಕೆಂದು ಉಳಿದುದನ್ನೆಲ್ಲ ಹೇಳಿದೆ, ಇದರ ಕೆಳಗ ಇನ್ನೊಂದಿತ್ತು, ನೀ ಹೋಗಿ ಕೆನ್ನಿ ಮ್ಯಾಲ ಕೈ ಇಟ್ಟಿ, ಅವ್ವ ನಕ್ಕಳು, ನನ ಬಂಗಾರಾ ಅಂದಳು, ನಾನ ಅಳಿಸಿದೆ, ಟೇಪಿನ ಕಣಗಳು ಒಮ್ಮೆ ಹೊಸ ದಿಕ್ಕಿಗೆ ತಿರುಗಿದರೆ ಹಳೆಯದರ ಗುರುತು ಉಳಿಯುವುದಿಲ್ಲ, ಆಕೆಗೆ ಅದನ್ನು ವಿವರಿಸಬೇಕಿರಲಿಲ್ಲ, ಬೈಯಲಿ ಎಂದು ಕಾದೆ, ಎದ್ದು ಒಳಗೆ ಹೋಗಲಿ ಎಂದು ಕಾದೆ.

ನೇತ್ರಾ ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ನೋಡಿದಳು, ಚಿಗವ್ವ, ಯಾವ ಕೈ? ಏನು ಅಂದೆ, ಅವ್ವನ ಕೆನ್ನಿಗಿ ನಾ ಯಾವ ಕೈ ಹಚ್ಚಿದ್ದೆ, ಇದೋ, ಇದೋ? — ನಾನು ಎಡಗಡೆ ನಿಂತಿದ್ದೆ, ಕ್ಯಾಮೆರಾ ತಲೆಯ ದಿಕ್ಕಿಗೆ, ಮಗು ಕಾಲಿನ ಕಡೆಯಿಂದ ತೆವಳಿತು, ಹಾಗಾದರೆ ಬಲಗೈ, ಅಲ್ಲ, ಹುಸೇನಬಿ ನೀರಿನ ಕಡೆ ಕೂತಿದ್ದಳು, ಮಗು ನೀರಿನ ಕಡೆಯಿಂದ ಬಂತು, ಹಾಗಾದರೆ ಒಂದು ಕೈ ಕೆಸರಿಗೆ ಊರಿರಬೇಕು, ಊರಿದ್ದು ಯಾವುದು, ಎತ್ತಿದ್ದು ಯಾವುದು, ಕೆಸರು ಕೆನ್ನೆಗೆ ಹತ್ತಿತ್ತೇ, ಒರೆಸಿದವರಾರು, ನಾನು ಆಗ ನೋಡುತ್ತಿದ್ದುದು ಬಿಸಿಲನ್ನು, ಕೆರೆಯ ಆಚೆ ದಂಡೆಗೆ ಸರಿಯುತ್ತಿದ್ದ ಬಿಸಿಲನ್ನು, ಇದೋ ಚಿಗವ್ವ, ಇದೋ, ಪುಟ್ಟ ಕೈ ಏಳುತ್ತದೆ, ಐದು ಬೆರಳು ಬಿಚ್ಚಿಕೊಂಡಿವೆ, ಕೆನ್ನೆಗೆ ಇನ್ನೂ ತಾಗಿಲ್ಲ, ಎಡವೋ ಬಲವೋ ತಿಳಿಯದ ಕೈ, ಏಳುತ್ತದೆ, ಇನ್ನೂ ತಾಗಿಲ್ಲ, ಕೈ