ಹಿಪ್ಪುನೇರಳೆ ಕಡ್ಡಿಯ ಪಾಸ್‌ವರ್ಡ್

ಪುಟ್ಟಮಲ್ಲಮ್ಮನ ರೇಷ್ಮೆ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಜ್ವರವೆಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಹೊತ್ತು. ಆಗ ಸೊಪ್ಪು ಹಾಕಬಾರದು, ತೇವ ತಗುಲಬಾರದು. ಅಂಥ ಹೊತ್ತಿನಲ್ಲೇ ಹುಳುಮನೆಯ ಮಂಜಿನ ಯಂತ್ರ ನಿಲ್ಲದೆ ನೀರು ಉಗುಳುತ್ತಿತ್ತು. ಅದನ್ನೂ ಹೀಟರನ್ನೂ ನಡೆಸುವುದು ಒಳಗೋಡೆಯ ಪುಟ್ಟ ಕಂಪ್ಯೂಟರ್. ಹಾಕಿಕೊಟ್ಟವರು ನಾನು ಮತ್ತು ಚಾಮರಾಜನಗರದ ಉಮೈರ್.

"ವೈರು ಕಿತ್ರೆ ಹೀಟ್ರೂ ಸತ್ತೋಯ್ತದೆ ಕಣ್ಲಾ ಮಾದೇಶ. ಈ ಸೋನೇಲಿ ಹುಳ ಮರಗಟ್ಟೋಯ್ತವೆ" ಎಂದು ಪುಟ್ಟಮಲ್ಲಮ್ಮ ಬಾಗಿಲಿಗೆ ಅಡ್ಡ ನಿಂತಳು. "ಅಲ್ಲೇ ನಿಂತ್ಕೊ. ಎಲ್ಲಿಂದ ಬಂದೆ?"

"ಹರದನಹಳ್ಳಿ ಮಾದಪ್ಪನ ಹುಳಮನೆಯಿಂದ."

"ಅಲ್ಲಿ ಹಾಲುತೊಂಡೆ ಬಿದ್ದದಂತಲ್ಲ! ಹೊಸ್ಲು ದಾಟ್ಬುಟ್ಟೀಯೆ!"

ಹಾಲುತೊಂಡೆ ಹುಳುವಿನ ರೋಗ. ಕೈಗೆ, ಬಟ್ಟೆಗೆ ಅಂಟಿ ಬರುತ್ತದೆ. ಜಗಲಿಯಲ್ಲೇ ಕೂತು ಲ್ಯಾಪ್‌ಟಾಪ್ ತೆರೆದೆ. ವೈಫೈ ಅಲ್ಲಿಗೂ ಬರುತ್ತಿತ್ತು.

ತಪ್ಪು ಬೇಗ ಸಿಕ್ಕಿತು. ತೇವ 70ಕ್ಕಿಂತ ಕಡಿಮೆಯಾದರೆ ಮಂಜು ಬಿಡು ಎಂದು ಉಮೈರ್ ಬರೆದಿದ್ದ. ಸೋನೆಗೆ ತೇವ 100 ಮುಟ್ಟಿತ್ತು. ಸಾಫ್ಟ್‌ವೇರ್ ಅದನ್ನು ಸಂಖ್ಯೆಯೆಂದು ಓದದೆ ಬರಿಯ ಪಠ್ಯವೆಂದು ಓದುತ್ತಿತ್ತು. ಪಠ್ಯಕ್ಕೆ ಡಿಕ್ಷನರಿಯ ಲೆಕ್ಕ. ಒಂದರಿಂದ ಶುರುವಾದದ್ದು ಏಳರಿಂದ ಶುರುವಾದದ್ದಕ್ಕಿಂತ ಮೊದಲು. ಹಾಗಾಗಿ 100 ಚಿಕ್ಕದು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು, ನನಗೂ ಗೊತ್ತು ಯಾವುದು ದೊಡ್ಡದೆಂದು. ಒಣ ದಿನಗಳಲ್ಲಿ ತೇವ ಎರಡಂಕಿ ದಾಟುತ್ತಿರಲಿಲ್ಲ, ತಪ್ಪು ಕಂಡಿರಲಿಲ್ಲ.

ಸಂಖ್ಯೆಯೆಂದು ತಿದ್ದಿ ಸೇವ್ ಒತ್ತಿದೆ. ಬರೆಯಲು ಅನುಮತಿ ಇಲ್ಲ ಎಂದಿತು. ಮತ್ತೆ ಒತ್ತಿದೆ. ಅದೇ ಮಾತು. ಜಗಲಿ ಕಂಬಕ್ಕೆ ಗುದ್ದಿ ಉಮೈರನಿಗೆ ಫೋನ್ ಮಾಡಿದೆ.

"ಆ ಫೈಲು ಅಡ್ಮಿನ್ ಹೆಸ್ರಲ್ಲಿ ಅದೆ ಕಣೋ. ನಮ್ಗೆ ಓದಕ್ಕಷ್ಟೇ ಪರ್ಮಿಷನ್ನು. ಪಾಸ್‌ವರ್ಡು ಪುಟ್ಟಮಲ್ಲವ್ವುಂದು."

"ಅವ್ರ ಕೈಗ್ಯಾಕ್ಲಾ ಕೊಟ್ಟೆ?"

"ಹುಳಮನೆ ಬೀಗ್ದಂಗೆ ಇದೂ ನನ್ ತಾವೇ ಇರ್ಬೇಕು ಅಂದ್ರು. ನನ್ನ ಗೋಡೆ ಕಡೆ ತಿರುಗಿಸ್ಬುಟ್ಟು ಅವ್ರೇ ಒತ್ಕಂಡ್ರು."

ಪುಟ್ಟಮಲ್ಲಮ್ಮನನ್ನು ಕೇಳಿದೆ.

"ಹೇಳಕಿಲ್ಲ."

"ಹಂಗಾರೆ ನೀವೇ ಒತ್ತಿ ಅವ್ವ."

"ಅದು ಮಾದಪ್ಪನ ಹುಳಮನೇಲಿ ಕುಂತಿದ್ದ ಪೆಟ್ಗೆ. ಮುಟ್ಟುದ್ರೆ ನಾ ಮೀಯ್ಬೇಕು. ಅಲ್ಲೀಗಂಟ ಒಳಗಡೆ ನೋಡೋರ್ಯಾರು, ನಿಮ್ಮಪ್ಪನ?"

"ಹಂಗಾರೆ ಸಾಯ್ಲಿ ಬುಡಿ ಹುಳ!" ಕಿರುಚಿಬಿಟ್ಟೆ.

ಒಳಗೆ ಮಂಜು ಬುಸುಗುಡುತ್ತಿತ್ತು. ಅವಳು ಬಾಗಿಲ ಪಕ್ಕದ ರಾಶಿಯಿಂದ, ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯೊಂದನ್ನು ಎಳೆದಳು.

"ಆ ಕಡೆ ತಿರುಕ್ಕೊ."

ಲ್ಯಾಪ್‌ಟಾಪ್ ಹೊಸ್ತಿಲ ಬಳಿ ಇಟ್ಟು ರಸ್ತೆಯತ್ತ ತಿರುಗಿದೆ. ಕೇರಳದ ತರಕಾರಿ ಲಾರಿಯೊಂದು ಗುಂಡ್ಲುಪೇಟೆ ಕಡೆ ಹೋಯಿತು. ಹಿಂದೆ ಕಡ್ಡಿ ಟಕ್ ಟಕ್ ಎನ್ನುತ್ತಿತ್ತು.

"ಏನೂ ಮೂಡ್ತಾ ಇಲ್ವಲ್ಲೋ."

"ಮೂಡಕಿಲ್ಲ ಕಣವ್ವ. ಬೇರೇರ ಕಣ್ಗೆ ಬೀಳಬಾರ್ದು ಅಂತ."

"ಅಂಗಾ? ಇದೊಂದ್ನ ಸರಿಯಾಗಿ ಮಾಡವ್ರೆ."

"ಆಮೇಲೆ ಬಲಗಡೆ ದೊಡ್ಡ ಗುಂಡಿ."

ಟಕ್. ಫೈಲು ಸೇವ್ ಆಯಿತು. ಸ್ವಲ್ಪ ಹೊತ್ತಿಗೆ ಒಳಗಿನ ಬುಸುಬುಸು ನಿಂತು ಹೀಟರಿನ ಸದ್ದಷ್ಟೇ ಉಳಿಯಿತು. ಅವಳು ಕಡ್ಡಿಯನ್ನು ಬೇಲಿಯಾಚೆ ಎಸೆದು, ಹುಳುವಿನ ತೇವ ಹೀರಲು ಉದುರಿಸುವ ಸುಣ್ಣದ ಪುಡಿಯ ಬಾಣಲೆ ಎತ್ತಿಕೊಂಡು ಒಳಹೋಗಿ ಬಾಗಿಲು ಹಾಕಿಕೊಂಡಳು.

"ಗೂಡು ಕಟ್ಟೋಗಂಟ ಈ ಕಡೆ ತಲೆ ಹಾಕ್ಬೇಡ ಕಣ್ಲಾ" ಎಂದಳು ಒಳಗಿಂದಲೇ.

"ಮತ್ತೆ ಕೆಟ್ರೆ?"

"ಫೋನ್ ಮಾಡ್ತೀನಿ. ಮಿಂದ್ಕಂಡು ಬಾ."